ಕುಡಿಯದವನ ಲಿವರ್

"ಕುಡಿಯೋದು ಬಿಟ್ಟರೆ ಮಾತ್ರ ಈ ಮಾತ್ರೆ ಕೆಲಸ ಮಾಡೋದು," ಅಂದರು ಡಾಕ್ಟರ್ ರಾಜಶೇಖರ್. "ಇಲ್ಲದಿದ್ರೆ ನಾನಲ್ಲ, ಯಾರು ಬಂದರೂ ಅಷ್ಟೆ."

ಹೇಳಿದ್ದು ನಟರಾಜನ ವಿಷಯ. ನೋಡಿದ್ದು ಅವನ ಹೆಂಡತಿ ಇಂದುವಿನ ಮುಖ.

ಬೇಲೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರ ನರ್ಸಿಂಗ್ ಹೋಮು. ಡಾಕ್ಟರ ಕೋಣೆಗೂ ಹೊರಗಿನ ಬೆಂಚುಗಳಿಗೂ ನಡುವೆ ಒಂದು ಹಸಿರು ಪರದೆ ಬಿಟ್ಟರೆ ಬೇರೇನಿಲ್ಲ. ಒಳಗೆ ಯಾರಾದರೂ ಸೀನಿದರೂ ಆಚೆ ಕೂತವರಿಗೆ ಕೇಳಿಸುತ್ತದೆ.

"ನಾನು ಕುಡಿಯಲ್ಲ ಸಾರ್," ಅಂದ ನಟರಾಜ.

ಡಾಕ್ಟರು ನಕ್ಕರು. ಕೆಟ್ಟ ನಗೆಯೇನಲ್ಲ. ಹೋಮ್‌ವರ್ಕ್ ಮಾಡಿದ್ದೀನಿ, ಪುಸ್ತಕ ಮನೆಯಲ್ಲಿ ಮರೆತೆ ಅನ್ನುವ ಹುಡುಗನನ್ನು ನೋಡಿ ಮೇಷ್ಟ್ರು ನಗುವ ಹಾಗೆ. ಇಂದು ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಪಾಠ ಹೇಳುವವಳು. ಆ ನಗೆಯನ್ನು ತಾನೂ ಎಷ್ಟೋ ಸಲ ನಕ್ಕಿದ್ದಳು. "ಎಲ್ಲರೂ ಹೇಳೋದು ಹಾಗೇನಪ್ಪ," ಅಂದರು ಡಾಕ್ಟರು. "ನಿಮ್ಮ ಕಡೆ ಇದೆಲ್ಲ ಇದ್ದದ್ದೇ ಅಲ್ವಾ, ನಾನೇನು ಹೊಸಬನಾ? ನಿಮ್ಮಣ್ಣನೂ ಇದರಲ್ಲೇ ಹೋದದ್ದು ಅಂತ ನೀವೇ ಹೇಳಿದ್ರಿ."

ನಟರಾಜ ಎದ್ದ. ಚೀಟಿ ತಗೊಂಡು ಹೊರಗೆ ಬಂದರೆ ಬೆಂಚಿನ ಮೇಲೆ ಜಾವಗಲ್ಲಿನ ತೆಂಗಿನಕಾಯಿ ಮಂಡಿಯ ಕೃಷ್ಣಪ್ಪ ಕೂತಿದ್ದ. ಎದ್ದು ನಿಂತು, ಏನ್ ಡ್ರೈವರೇ ಚೆನ್ನಾಗಿದ್ದೀರಾ ಅಂತ ಬಾಯ್ತುಂಬ ವಿಚಾರಿಸಿದ. ಆ ಬಾಯಿ ಜಾವಗಲ್ ತಲುಪುವ ಹೊತ್ತಿಗೆ ಏನೇನು ಮಾತಾಡುತ್ತದೆ ಅನ್ನುವುದು ಇಂದುವಿಗೆ ಆಗಲೇ ಗೊತ್ತಾಯಿತು.

ನಟರಾಜ ಅರಸೀಕೆರೆ ಡಿಪೋದ ಸರ್ಕಾರಿ ಬಸ್ಸಿನ ಡ್ರೈವರು. ಬಾಣಾವರ, ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಬರುವ ಬಸ್ಸು ಅವನದು. ಬೆಳಿಗ್ಗೆ ಇಂದುವೂ ಅದೇ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿಯುತ್ತಿದ್ದಳು. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ ಡಿಪೋದಲ್ಲಿ ರಕ್ತದಾನ ಶಿಬಿರ ನಡೆದಾಗ. ಎಲ್ಲರಿಗಿಂತ ಮೊದಲು ಹೋಗಿ ಮಲಗಿ ರಕ್ತ ಕೊಟ್ಟು ಬಂದಿದ್ದ. ನಿಮ್ಮ ರಕ್ತ ಬೇರೆಯವರಿಗೆ ಆಗುವುದಿಲ್ಲ, ಡಾಕ್ಟರಿಗೆ ತೋರಿಸಿಕೊಳ್ಳಿ ಅಂತ ಆಮೇಲೆ ಫೋನು ಬಂತು. ಇಂದುವಿಗೂ ಮಗಳು ದೀಪಾಳಿಗೂ ಪರೀಕ್ಷೆಯಾಯಿತು, ಇಬ್ಬರಿಗೂ ಇರಲಿಲ್ಲ, ಲಸಿಕೆ ಹಾಕಿಸಿಕೊಂಡರು. ಅವನಿಗೆ ದಿನಕ್ಕೊಂದು ಮಾತ್ರೆ. ರಾತ್ರಿ ಊಟವಾದ ಮೇಲೆ ತಪ್ಪದೆ ನುಂಗುತ್ತಿದ್ದ. ಅಲ್ಲಿಗೆ ಆ ವಿಷಯ ಮನೆಯಲ್ಲಿ ಹಳತಾಗಿಹೋಗಿತ್ತು.

ಹೋದ ವರ್ಷ ಮಾತ್ರ ಎಲ್ಲ ತಿರುಗಾಮುರುಗಾ ಆಯಿತು. ರಕ್ತದಲ್ಲಿ ಬಿ ವೈರಸ್ಸು ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದೆ ಅಂತ ವರದಿ ಬಂತು. ಅದೇ ವರದಿಯಲ್ಲಿ ಲಿವರ್ ಊದಿಕೊಂಡಿದೆ, ಕೆಟ್ಟಿದೆ ಅಂತಲೂ ಬಂತು. ಸ್ಕ್ಯಾನ್ ಮಾಡಿದರೆ ಲಿವರ್ ಗಟ್ಟಿಯಾಗುತ್ತಿದೆ. ರಾಜಶೇಖರ್ ಕೂಡಿ ಕಳೆದು ಲೆಕ್ಕ ಹಾಕಿದರು: ಬಿ ಸುಮ್ಮನಿದೆ, ಅಂದಮೇಲೆ ಲಿವರನ್ನು ತಿನ್ನುತ್ತಿರುವುದು ಇನ್ನೇನು? ಡ್ರೈವರು, ಅಣ್ಣ ಕುಡಿದು ಸತ್ತವನು, ನಿಮ್ಮ ಕಡೆಯವರು. ಉತ್ತರ ಬಂದುಬಿಟ್ಟಿತ್ತು.

ನಟರಾಜ ಬೌದ್ಧ ದೀಕ್ಷೆ ತಗೊಂಡವನು. ಅಣ್ಣ ಸಿದ್ದರಾಜು ಸತ್ತ ವರ್ಷವೇ ಹಾಸನಕ್ಕೆ ಹೋಗಿ ದೀಕ್ಷೆ ಪಡೆದು ಬಂದಿದ್ದ. ಅರಸೀಕೆರೆಯ ಅವರ ಮನೆಯ ನಡುಮನೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಡ್ಯೂಟಿಗೆ ಹೊರಡುವ ಮುಂಚೆ ಅವುಗಳ ಮುಂದೆ ನಿಂತು ಪಂಚಶೀಲ ಹೇಳುತ್ತಿದ್ದ. ಐದನೆಯ ಶೀಲ ಹೇಳುವಾಗ ದನಿ ಸ್ವಲ್ಪ ಏರುತ್ತಿತ್ತು: ಅಮಲಿನದನ್ನು ಮುಟ್ಟುವುದಿಲ್ಲ. ಅದು ಇಂದುವಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಲೂರಿನಿಂದ ಬಂದ ದಿನದಿಂದ ಅವಳು ಅವನ ಅಂಗಿ ಮೂಸತೊಡಗಿದಳು.

ಒಗೆಯಲು ಹಾಕುವ ನೆಪದಲ್ಲಿ ಮೂಸುವುದು, ಡ್ಯೂಟಿ ಬ್ಯಾಗಿನಲ್ಲಿ ಕೈಯಾಡಿಸುವುದು. ಬೇಲೂರಿನಲ್ಲಿ ಅವನ ಬಸ್ಸು ನಿಲ್ಲುವ ಹೊತ್ತಿಗೆ ಫೋನು ಮಾಡಿ ಏನೋ ಕೇಳುವುದು, ಉತ್ತರಕ್ಕಲ್ಲ, ನಾಲಿಗೆ ತೊದಲುತ್ತಿದೆಯಾ ನೋಡುವುದಕ್ಕೆ. ಒಂದು ಸಂಜೆ ಅವಳ ಕೈ ಬ್ಯಾಗಿನೊಳಗಿದ್ದಾಗಲೇ ಅವನು ಬಂದು ನಿಂತ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ತಾನು ಅರ್ಧ ಕುಡಿದು, ಉಳಿದದ್ದನ್ನು ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಬರೀ ನೀರು, ಬಿಸಿಲಿಗೆ ಕಾದು ಬೆಚ್ಚಗಾಗಿದ್ದ ನೀರು. ಅವತ್ತಿನಿಂದ ಅವನು ಮನೆಯಲ್ಲಿ ಬೇಕಾದಷ್ಟೇ ಮಾತಾಡಿದ.

ಕೃಷ್ಣಪ್ಪ ತನ್ನ ಕೆಲಸ ಮಾಡಿ ಮುಗಿಸಿದ್ದ. ಜಾವಗಲ್ಲಿನ ಪಕ್ಕದ ಹಳ್ಳಿಯಿಂದ ನಟರಾಜನ ತಾಯಿ ಹನುಮಮ್ಮ ಬಸ್ಸು ಹತ್ತಿ ಬಂದಳು. ನೀನೂ ನಿಮ್ಮಣ್ಣನ ದಾರಿ ಹಿಡಿದ್ಯೇನೋ ಅಂತ ಹೊಸಿಲಲ್ಲೇ ಕೂತು ಅತ್ತು, ಒಂದು ಲೋಟ ಕಾಫಿಯನ್ನೂ ಕುಡಿಯದೆ ವಾಪಸ್ಸು ಹೋದಳು. ಡಿಪೋದಲ್ಲಿ ಡ್ಯೂಟಿ ಹತ್ತುವ ಮುಂಚೆ ಉಸಿರು ಊದಿಸಿ ನೋಡುತ್ತಿದ್ದರು, ಮೆಷೀನು ಪ್ರತಿ ಸಲವೂ ಸೊನ್ನೆ ತೋರಿಸುತ್ತಿತ್ತು. ಮೆಷೀನಿಗೇ ಏನೋ ಕುಡಿಸವ್ನೆ ಕಣ್ಲಾ ಅಂತ ಜೊತೆಯವರು ನಗುತ್ತಿದ್ದರು. ಸೊನ್ನೆ ಅಂದರೆ ಸೊನ್ನೆ ಅಂತ ಒಬ್ಬನಿಗೂ ಅನ್ನಿಸಲಿಲ್ಲ.

ಇಂದು ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವನ ಮೇಲಿನ ನಂಬಿಕೆಯಿಂದಲ್ಲ. ಬೇಲೂರಿನ ಡಾಕ್ಟರ ಮಾತು ನಾಟಲಿಲ್ಲ, ಬೆಂಗಳೂರಿನ ಡಾಕ್ಟರು ಗದರಿಸಿದರೆ ಬಿಟ್ಟಾನು ಅಂತ. ರೈಲಿನಲ್ಲಿ ಹೋಗುವಾಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ ಅವನಿಗೂ ಅದು ಗೊತ್ತಿತ್ತು.

ಲಿವರ್ ವಿಭಾಗದ ಡಾಕ್ಟರ್ ನಂದಿತಾ ನಲವತ್ತರ ಆಸುಪಾಸಿನ ಹೆಂಗಸು. ಮೂಗಿನ ತುದಿಗೆ ಕನ್ನಡಕ, ಗಂಟಲು ಕಟ್ಟಿತ್ತು. ವರದಿಗಳನ್ನೆಲ್ಲ ತಿರುವಿ ನೋಡಿ, ಕುಡೀತೀರಾ ಅಂತ ಕೇಳಿದರು. ಇಲ್ಲ ಅಂದ ನಟರಾಜ. ಅವರು ಬರೆದುಕೊಂಡರು. ಅಷ್ಟೆ. ಮುಖ ಎತ್ತಲಿಲ್ಲ, ಇಂದುವಿನ ಕಡೆ ತಿರುಗಿ ಹೌದಾ ಅಂತ ಕೇಳಲಿಲ್ಲ. ಅವನು ಹೇಳಿದ ಒಂದು ಮಾತನ್ನು ಹೇಳಿದ ಹಾಗೇ ಒಬ್ಬರು ಬರೆದುಕೊಂಡದ್ದನ್ನು ನೋಡಿ ಇಂದುವಿಗೆ ಯಾಕೋ ಕೂರಲಾಗಲಿಲ್ಲ.

"ಡೆಲ್ಟಾ ನೋಡಿಸಿದ್ದೀರಾ?" ಅಂತ ಕೇಳಿದರು ನಂದಿತಾ. "ಹೆಪಟೈಟಿಸ್ ಡಿ?"

ಹಾಗೊಂದಿದೆ ಅಂತಲೇ ಇಬ್ಬರಿಗೂ ಗೊತ್ತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಆಗ ಬಿ ಇರುವವರಿಗೆಲ್ಲ, ಯಾರನ್ನೂ ಬಿಡದೆ, ಡಿ ಇದೆಯಾ ಅಂತ ನೋಡುತ್ತಿದ್ದರಂತೆ; ಎಷ್ಟು ಜನಕ್ಕಿದೆ ಅಂತ ತಿಳಿಯುವುದಕ್ಕೆ. ನಟರಾಜನ ರಕ್ತವನ್ನೂ ತಗೊಂಡರು. ಮುಂದಿನ ಸಲ ಹೋದಾಗ ಉತ್ತರ ಸಿದ್ಧವಾಗಿತ್ತು. ಅವನಿಗೆ ಡಿ ಇತ್ತು. ಎಂದೋ ಬಂದು ಹೋದದ್ದಲ್ಲ, ಈಗಲೂ ಒಳಗೆ ಬೆಳೆಯುತ್ತಿರುವಂಥದ್ದು.

ನಂದಿತಾ ಬಿಡಿಸಿ ಹೇಳಿದರು. ಡಿ ಒಂದೇ ಬದುಕಲಾರದು. ಬಿ ಇದ್ದವರ ಮೈಗೆ ಮಾತ್ರ ಬರುತ್ತದೆ, ಬಿಯ ಹೊದಿಕೆಯನ್ನೇ ಹೊದ್ದು ತಿರುಗುತ್ತದೆ. ಬಂದಮೇಲೆ ಎಷ್ಟೋ ಸಲ ಬಿಯನ್ನು ಅಡಗಿಸಿ ತಾನೇ ಲಿವರನ್ನು ತಿನ್ನುತ್ತದೆ, ಬಿಗಿಂತ ಬೇಗ ತಿನ್ನುತ್ತದೆ. ಬಿಗೆ ಕೊಡುವ ಮಾತ್ರೆ ಇದಕ್ಕೆ ತಾಗುವುದಿಲ್ಲ. ಬಿ ಕಾಣಿಸುತ್ತಿಲ್ಲ, ಲಿವರ್ ಕೆಡುತ್ತಿದೆ ಅಂದರೆ ಮೊದಲು ಹುಡುಕಬೇಕಾದದ್ದು ಇದನ್ನೇ. ಹೇಗೆ ಬಂತು ಅಂತ ನಟರಾಜ ಕೇಳಿದ. ರಕ್ತದಿಂದ ಬರುವಂಥದ್ದು, ಎಂದೋ ಒಂದು ಸೂಜಿಯೋ, ಹಲ್ಲು ಕೀಳಿಸಿದ್ದೋ, ಕ್ಷೌರದ ಬ್ಲೇಡೋ, ಈಗ ಹೇಳಲಾಗುವುದಿಲ್ಲ ಅಂದರು.

"ಎಷ್ಟು ಜನಕ್ಕಿರುತ್ತೆ ಮೇಡಂ ಇದು?" ಇಂದು ಕೇಳಿದಳು.

"ನಮ್ಮಲ್ಲಿ ನೋಡಿದವರಲ್ಲಿ ಕಮ್ಮಿ ಜನಕ್ಕೇ ಸಿಕ್ಕಿರೋದು. ಆದರೆ ನಿಮ್ಮ ಕಡೆಯ ಊರುಗಳಲ್ಲಿ ಎಷ್ಟಿದೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ. ಅಪರೂಪ ಅಂತ ಯಾರೂ ಪರೀಕ್ಷೆ ಮಾಡಿಸಲ್ಲ. ಪರೀಕ್ಷೆ ಮಾಡಿಸಲ್ಲ, ಅದಕ್ಕೇ ಅಪರೂಪವಾಗೇ ಉಳಿದಿದೆ."

ನಿಮ್ಮ ಕಡೆ ಅನ್ನುವ ಅದೇ ಮಾತು. ಈ ಬಾಯಲ್ಲಿ ಅದಕ್ಕೆ ಊರು ಅನ್ನುವುದೊಂದೇ ಅರ್ಥವಿತ್ತು.

ವಾಪಸ್ಸು ಬರುವ ರೈಲಿನಲ್ಲಿ ನಟರಾಜ ಸಂತೋಷವಾಗಿದ್ದ. ತುಮಕೂರು ದಾಟುವುದರೊಳಗೆ ಕಡಲೆಕಾಯಿ ಕೊಂಡು ಇಂದುವಿನ ಮಡಿಲಿಗೆ ಸುರಿದ. ಎಷ್ಟೋ ತಿಂಗಳ ಮೇಲೆ ತಾನಾಗಿ ಮಾತಾಡಿದ. ಆಮೇಲೆ ತಾಯಿಗೆ ಫೋನು ಮಾಡಿದ.

"ಅವ್ವ, ನಾನು ಕುಡೀತಿರ್ಲಿಲ್ಲ ಕಣವ್ವ. ಕಾಯಿಲೆ ಐತಂತೆ. ದೊಡ್ಡ ಕಾಯಿಲೆ. ಬೆಂಗ್ಳೂರ್ ಡಾಕ್ಟ್ರೇ ಹೇಳವ್ರೆ."

ಎದುರಿನ ಸೀಟಿನವರು ತಿರುಗಿ ನೋಡಿದರು. ದೊಡ್ಡ ಕಾಯಿಲೆ ಇದೆ ಅಂತ ಇಷ್ಟು ಗೆಲುವಾಗಿ ಹೇಳಿಕೊಳ್ಳುವವನನ್ನು ಅವರು ಕಂಡಿರಲಿಲ್ಲ. ಇಂದು ಕಡಲೆಕಾಯಿಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡು ಕೂತಿದ್ದಳು. ಅವಳ ಮೈ ಉರಿಯುತ್ತಿತ್ತು. ಲಿವರ್ ಗಟ್ಟಿಯಾಗಿದೆ, ಇನ್ನೂ ಪೂರ್ತಿ ಕೈ ಮೀರಿಲ್ಲ, ಒಂದು ಇಂಜೆಕ್ಷನ್ ಇದೆ, ವರ್ಷವಿಡೀ ವಾರಕ್ಕೊಂದು ಹಾಕಬೇಕು, ಎಲ್ಲರಿಗೂ ಹಿಡಿಯುವುದಿಲ್ಲ, ಇದಕ್ಕಿಂತ ಹೊಸ ಔಷಧ ಹೊರದೇಶದಲ್ಲಿದೆ, ನಮಗಿನ್ನೂ ಸಿಗುತ್ತಿಲ್ಲ. ಇದಿಷ್ಟನ್ನು ಕೇಳಿಕೊಂಡು ಬಂದ ಮನುಷ್ಯ ಕುಡುಕನಲ್ಲ ಅನ್ನಿಸಿಕೊಂಡದ್ದಕ್ಕೆ ಕುಣಿಯುತ್ತಿದ್ದಾನೆ. ಅವನನ್ನು ಈ ಗತಿಗೆ ತಂದವರು ಯಾರು? ಶಿಬಿರದಲ್ಲಿ ಬಿ ಸಿಕ್ಕ ದಿನವೇ ಇನ್ನೊಂದು ಬಾಟಲಿಗೆ ಒಂದಿಷ್ಟು ರಕ್ತ ತೆಗೆದಿದ್ದರೆ ಸಾಕಿತ್ತು. ಆಗ ಲಿವರ್ ಹೂವಿನ ಹಾಗಿತ್ತು.

ಅವಳು ಬೇಲೂರಿಗೆ ಹೋಗುತ್ತೇನೆ ಅಂದಾಗ ನಟರಾಜ ಬೇಡ ಅಂದ. ಆ ಡಾಕ್ಟರ ಹತ್ತಿರ ಇನ್ನೇನು ಕೆಲಸ, ಗೊತ್ತಾಯಿತಲ್ಲ, ಬಿಡು ಅಂದ. ಬಿಡುವುದಕ್ಕೆ ಅವಳಿಂದ ಆಗಲಿಲ್ಲ. ಮರುದಿನ ಸ್ಕೂಲು ಬಿಟ್ಟಮೇಲೆ ಹಳೇಬೀಡಿನಿಂದ ಬೇಲೂರಿನ ಬಸ್ಸು ಹತ್ತಿದಳು. ಎಲ್ಲರ ಹಾಗೆ ಟೋಕನ್ ತಗೊಂಡು ಬೆಂಚಿನ ಮೇಲೆ ಕೂತಳು. ಸರದಿ ಬಂದಾಗ ಒಳಗೆ ಹೋಗಿ, ಹಸಿರು ಪರದೆಯನ್ನು ಕಂಬಿಯ ತುದಿಯವರೆಗೂ ಸರಿಸಿ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತು, ಬೆಂಗಳೂರಿನ ವರದಿಯನ್ನು ಮೇಜಿನ ಮೇಲಿಟ್ಟಳು.

ರಾಜಶೇಖರ್ ಓದಿದರು. ಓದಿ ಮತ್ತೊಮ್ಮೆ ಓದಿದರು. "ಆಶ್ಚರ್ಯ," ಅಂದರು. "ಇದು ಬಹಳ ಅಪರೂಪ ಮೇಡಂ. ಇಪ್ಪತ್ತು ವರ್ಷದ ಪ್ರಾಕ್ಟೀಸಿನಲ್ಲಿ ನಾನು ಒಂದು ಕೇಸೂ ನೋಡಿಲ್ಲ."

"ಎಷ್ಟು ಜನಕ್ಕೆ ಪರೀಕ್ಷೆ ಬರೆದಿದ್ದೀರಿ ಸಾರ್?"

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಒಬ್ಬರಿಗಾದರೂ?"

ಆಗ ಅವರು ಬಿಡಿಸಿ ಹೇಳಲು ಹೊರಟರು. ಈ ಪರೀಕ್ಷೆ ಬೇಲೂರಿನಲ್ಲಿ ಆಗುವುದಿಲ್ಲ. ರಕ್ತವನ್ನು ದೂರದ ಲ್ಯಾಬಿಗೆ ಕಳಿಸಬೇಕು. ಬರುವವರೆಲ್ಲ ಕೂಲಿನಾಲಿ ಮಾಡುವವರು, ಇರುವ ಪರೀಕ್ಷೆಗಳಿಗೇ ಗೊಣಗುತ್ತಾರೆ, ಎಲ್ಲರಿಗೂ ಎಲ್ಲವನ್ನೂ ಬರೆಯುತ್ತಾ ಹೋದರೆ ಡಾಕ್ಟರು ಕಮಿಷನ್ ಹೊಡೆಯುತ್ತಾನೆ ಅಂತ ಅವರೇ ಬೈಯುತ್ತಾರೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಿಲ್ಲದ್ದಕ್ಕೇ ಇಂದುವಿನ ಸಿಟ್ಟು ಇನ್ನಷ್ಟು ಏರಿತು.

"ಇಲ್ಲಿ ಆಗಲ್ಲ, ನನಗೆ ಗೊತ್ತಾಗ್ತಿಲ್ಲ, ಬೆಂಗಳೂರಿಗೆ ಹೋಗಿ ಅನ್ನಬಹುದಿತ್ತು ಸಾರ್. ಡಿ ನೋಡೋದಕ್ಕೆ ಲ್ಯಾಬ್ ಬೇಕು, ಒಪ್ಪಿದೆ. ಕುಡುಕ ಅನ್ನೋದಕ್ಕೆ ನಿಮಗೆ ಯಾವ ಲ್ಯಾಬೂ ಬೇಕಾಗಿರಲಿಲ್ಲ."

"ನಾನು ಆ ಅರ್ಥದಲ್ಲಿ..."

"ನಿಮ್ಮ ಕಡೆ ಇದೆಲ್ಲ ಇದ್ದದ್ದೇ ಅಂದ್ರಿ. ಯಾವ ಕಡೆ ಸಾರ್?"

ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿದ್ದರು. ಡಾಕ್ಟರ ಕಿವಿ ಕೆಂಪಾಯಿತು. ಹಳ್ಳಿ ಕಡೆ ಅಂದದ್ದು ಅಂದರು. ಹಳ್ಳಿಯಲ್ಲಿ ಎಲ್ಲರೂ ಇರುತ್ತಾರೆ, ಎಲ್ಲರಿಗೂ ಹೀಗೇ ಹೇಳುತ್ತೀರಾ, ಅವತ್ತು ನಮ್ಮ ಹಿಂದೆ ಒಳಗೆ ಬಂದ ಕೃಷ್ಣಪ್ಪನವರಿಗೂ ನಿಮ್ಮ ಕಡೆ ಅಂದಿರಾ ಅಂತ ಅವಳು ಕೇಳಿದಳು. ಕೇಳುವಾಗ ದನಿ ನಡುಗಲಿಲ್ಲ, ಏರಲೂ ಇಲ್ಲ. ಹಳೇಬೀಡಿನ ಹುಡುಗರಿಗೆ ಸಂವಿಧಾನದ ಪಾಠ ಹೇಳುವಾಗ ಇರುವ ದನಿಯೇ ಅದು.

"ತಪ್ಪಾಯ್ತು," ಅಂದರು ರಾಜಶೇಖರ್, ಮೇಜಿಗೆ ಹೇಳುವವರ ಹಾಗೆ.

"ಅವತ್ತು ಇಷ್ಟು ಮೆತ್ತಗೆ ಹೇಳಿರಲಿಲ್ಲ ಸಾರ್. ಅವತ್ತು ಅಷ್ಟೂ ಬೆಂಚಿಗೆ ಕೇಳಿಸಿತ್ತು."

ಅವರು ಹೊರಗೆ ಕೂತವರ ಕಡೆ ನೋಡಿದರು. ಬಾಯಿ ತೆರೆದರು. ಏನೋ ಹೇಳಿಯೇ ಬಿಡುತ್ತಾರೆ ಅನ್ನಿಸಿತು ಇಂದುವಿಗೆ. ಅಷ್ಟರಲ್ಲಿ ಕೈ ತಾನಾಗಿ ಹೋಗಿ ಗಂಟೆ ಒತ್ತಿತು, ನರ್ಸು ಮುಂದಿನ ಹೆಸರು ಕೂಗಿದಳು.

ಇಂದು ವರದಿಯನ್ನು ಎತ್ತಿಕೊಂಡು ಹೊರಗೆ ಬಂದು ಬೆಂಚುಗಳ ಎದುರು ನಿಂತಳು. ನನ್ನ ಗಂಡ ಡ್ರೈವರ್ ನಟರಾಜ ಕುಡಿಯುವವರಲ್ಲ ಅಂದಳು. ಅವರಿಗೆ ಹೆಪಟೈಟಿಸ್ ಬಿ ಜೊತೆ ಡಿ ಅಂತ ಇನ್ನೊಂದಿದೆ, ಅದನ್ನು ಇಲ್ಲಿ ಯಾರೂ ಹುಡುಕಲಿಲ್ಲ, ನಿಮ್ಮಲ್ಲಿ ಯಾರಿಗಾದರೂ ಬಿ ಇದ್ದರೆ ಡಿ ನೋಡಿಸಿ ಅಂತ ನೀವಾಗಿ ಕೇಳಿ, ಕೇಳುವವರೆಗೂ ಯಾರೂ ಹೇಳುವುದಿಲ್ಲ. ಒಬ್ಬಾತ ಫೋನು ನೋಡತೊಡಗಿದ. ಬಿ ಇದೆ ಅಂತ ನಾಲ್ಕು ಜನರೆದುರು ಯಾರು ತಾನೇ ಒಪ್ಪಿಕೊಂಡಾರು? ಅವಳು ಮೆಟ್ಟಿಲಿಳಿದು ರಸ್ತೆಗೆ ಬಂದಮೇಲೆ ಹಿಂದೆ ಯಾರೋ ಓಡಿಬರುವ ಸದ್ದಾಯಿತು. ವಯಸ್ಸಾದ ಹೆಂಗಸು, ಹೆಸರು ಕಮಲಾಕ್ಷಮ್ಮ ಅಂತೆ, ಬೇಲೂರಿನವಳೇ. ಮಗಳು ಬಸುರಿಯಾದಾಗ ಬಿ ಸಿಕ್ಕಿತಂತೆ, ಮಾತ್ರೆ ನಡೆಯುತ್ತಿದೆಯಂತೆ.

"ಅದೇನೋ ಅಂದ್ರಲ್ಲವ್ವ, ಅದರ ಹೆಸರು ಬರೆದುಕೊಡಿ," ಅಂದಳು. "ನಾನು ಹೇಳೋಕೆ ಹೋದ್ರೆ ತಪ್ಪಾಯ್ತದೆ."

ಇಂದು ಬರೆದುಕೊಟ್ಟಳು. ಆಮೇಲೆ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು, ಒಂದು ಬಸ್ಸನ್ನು ಬಿಟ್ಟು ಇನ್ನೊಂದು ಹತ್ತಿದಳು.

ಮನೆಯವರೆಲ್ಲರ ರಕ್ತವನ್ನೂ ನೋಡಬೇಕು ಅಂತ ನಂದಿತಾ ಹೇಳಿದ್ದರು. ಭಾನುವಾರ ಇಂದು ಒಬ್ಬಳೇ ಹಳ್ಳಿಗೆ ಹೋದಳು. ಹನುಮಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ಕುಡುಕನಲ್ಲ ಅಂತ ಊರಿಗೆಲ್ಲ ಸಾರಿ ಬಂದಿದ್ದಳಂತೆ. ಇಂದು ಪಕ್ಕದಲ್ಲಿ ಕೂತು ತಾನೂ ಕಾಯಿ ಸುಲಿಯುತ್ತಾ, ಡಿ ಅಂದರೇನು, ಅದು ಲಿವರನ್ನು ಹೇಗೆ ತಿನ್ನುತ್ತದೆ, ಯಾಕೆ ಎಲ್ಲರೂ ಅದನ್ನು ಕುಡಿತ ಅಂದುಕೊಳ್ಳುತ್ತಾರೆ ಅಂತ ತಿಳಿಯುವ ಹಾಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತೆಯ ಕೈ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಹಂಗಾದ್ರೆ ನನ್ನ ದೊಡ್ಡೋನು?" ಅಂದಳು ಹನುಮಮ್ಮ.

ಸಿದ್ದರಾಜು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕುಡಿಯುತ್ತಿದ್ದ, ಹೌದು. ಹಬ್ಬಕ್ಕೆ, ಯುಗಾದಿ ಮರುದಿನದ ಹೊಸತೊಡಕಿಗೆ, ಸಾವಿನ ಮನೆಗೆ ಹೋಗಿ ಬಂದಮೇಲೆ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಮಲಗಿದಾಗ ಯಾವ ಡಾಕ್ಟರೂ ಎರಡನೇ ಪ್ರಶ್ನೆ ಕೇಳಿರಲಿಲ್ಲ. ನಾನು ಅಷ್ಟು ಕುಡಿದಿಲ್ಲ ಕಣವ್ವ ಅಂತ ಕೊನೆಯವರೆಗೂ ಅನ್ನುತ್ತಿದ್ದ. ಹನುಮಮ್ಮ ಅವನ ಹಾಸಿಗೆಯನ್ನು ಇದೇ ಜಗಲಿಗೆ ಹಾಕಿ, ತಟ್ಟೆ ಲೋಟ ಬೇರೆ ಮಾಡಿ, ಹೆಂಡದಂಗಡಿ ಮುಂದೇ ಹೋಗಿ ಸಾಯಿ ಅಂತ ಕೇರಿಗೆಲ್ಲ ಕೇಳಿಸುವ ಹಾಗೆ ಬೈದಿದ್ದಳು.

ಇಂದುವಿಗೆ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಅವರಿಗೆ ಇರಲಿಲ್ಲ ಅತ್ತೆ, ಅದು ಕುಡಿತವೇ ಅನ್ನಬಹುದಿತ್ತು. ಹನುಮಮ್ಮ ಎದುರಿಗೆ ನೋಡುತ್ತಾ ಕೂತಿದ್ದಳು.

"ಗೊತ್ತಿಲ್ಲ ಅತ್ತೆ. ಯಾರೂ ನೋಡಲಿಲ್ಲ. ಇನ್ನು ಗೊತ್ತಾಗೋದೂ ಇಲ್ಲ."

ಹನುಮಮ್ಮ ಅಳಲಿಲ್ಲ. ಮಡಿಲಲ್ಲಿದ್ದ ಕಾಳುಗಳನ್ನು ಮೊರಕ್ಕೆ ಸುರಿದು, ಸಿಪ್ಪೆಯನ್ನು ಎಮ್ಮೆಯ ಮುಂದೆ ಹಾಕಿ ಬಂದಳು.

"ಎಂಟು ವರ್ಸದಿಂದ ಆ ಮಗೀಗೆ ಒಂದು ಎಡೆ ಇಟ್ಟಿಲ್ಲ ನಾನು," ಅಂದಳು. "ಕುಡುಕನಿಗೇನು ಎಡೆ ಅಂತ. ಕುಡುದ್ರೇನು, ನನ್ನ ಮಗ ತಾನೆ? ಯಾರೋ ಒಬ್ಬ ಡಾಕ್ಟ್ರು ಅಂದ ಅಂತ ಅವನ್ನ ಆಚೀಕೆ ಹಾಕ್ದೆ. ರಕ್ತ ಎಲ್ಲಿ ಕೊಡ್ಬೇಕು ಹೇಳು, ಬತ್ತೀನಿ."

ರಕ್ತ ಕೊಟ್ಟಳು. ಹನುಮಮ್ಮನಲ್ಲಿ ಬಿ ಇತ್ತು, ಡಿ ಇರಲಿಲ್ಲ. ಆ ಬಿ ನನ್ನಿಂದಲೇ ಮಕ್ಕಳಿಗೆ ಹೋಯಿತಾ ಅಂತ ಕೇಳಿದಳು. ಹೆರುವಾಗ ಹೋಗಿದ್ದರೂ ಹೋಗಿರಬಹುದು, ಆ ಕಾಲದಲ್ಲಿ ಲಸಿಕೆಯೂ ಇರಲಿಲ್ಲ, ಹೇಳುವವರೂ ಇರಲಿಲ್ಲ ಅಂದಳು ಇಂದು. ಹನುಮಮ್ಮ ತಲೆಯಾಡಿಸಿದಳು. ಆ ವರ್ಷ ಮಹಾಲಯಕ್ಕೆ ಜಗಲಿಯಲ್ಲಿ ಎಲೆ ಹಾಕಿ, ದೊಡ್ಡ ಮಗನಿಗೆ ಎಡೆ ಇಟ್ಟಳು. ಎಡೆಯ ಪಕ್ಕ ಒಂದು ಕ್ವಾರ್ಟರ್ ಬಾಟಲಿಯನ್ನೂ ಇಟ್ಟಳು. ಬೌದ್ಧನಾದ ಕಿರಿಮಗ ಅದನ್ನು ನೋಡಿಯೂ ಸುಮ್ಮನಿದ್ದ.

ಅಷ್ಟರಲ್ಲಿ ನಟರಾಜನ ಇಂಜೆಕ್ಷನ್ ಶುರುವಾಗಿತ್ತು. ಹಾಕಿದ ದಿನ ಜ್ವರ, ಮರುದಿನ ಮೈಕೈ ನೋವು, ಮೂರನೆಯ ದಿನ ಸುಮ್ಮಸುಮ್ಮನೆ ಸಿಟ್ಟು. ಸಿಟ್ಟು ಬರಬಹುದು, ಅದು ಔಷಧದ ಗುಣ, ಮನೆಯವರು ಹೊಂದಿಕೊಳ್ಳಿ ಅಂತ ನಂದಿತಾ ಮೊದಲೇ ಹೇಳಿದ್ದರು. ಸ್ಟೇರಿಂಗ್ ಹಿಡಿಯುವ ಶಕ್ತಿ ಇರಲಿಲ್ಲ. ಅವನೇ ಕೇಳಿಕೊಂಡು ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನ ಕೆಲಸಕ್ಕೆ ಹಾಕಿಸಿಕೊಂಡಿದ್ದ.

ಒಂದು ಮಧ್ಯಾಹ್ನ ಇಂದು ರಾಗಿ ಗಂಜಿ ಮಾಡಿಕೊಂಡು ಹೋಗಿ ಮಂಚದ ಪಕ್ಕ ಕೂತಳು. ಬೇಲೂರಿನ ಡಾಕ್ಟರ ಮಾತು ಬಂತು. ಮಾತು ತೆಗೆದವಳು ಅವಳೇ. ಆ ಮನುಷ್ಯ ಇನ್ನೂ ಬಾಯಿಬಿಟ್ಟು ಕ್ಷಮೆ ಕೇಳಿಲ್ಲ, ಬಿಡಲ್ಲ ನಾನು, ಮೇಲಿನವರಿಗೆ ಬರೆಯುತ್ತೇನೆ ಅನ್ನುತ್ತಿದ್ದಳು. ನಟರಾಜ ಕಂಬಳಿ ಸರಿಸಿ ಎದ್ದು ಕೂತ. ಜ್ವರಕ್ಕೆ ಕಣ್ಣು ಕೆಂಪಾಗಿತ್ತು.

"ಆ ಡಾಕ್ಟ್ರು ಯಾರು ನನಗೆ?" ಅಂದ. "ಹೊರಗಿನೋರು. ಅವರು ಅಂದ್ರೆ ಅಂದ್ರು. ನೀನು ನನ್ನ ಜೊತೆ ಹದಿನಾರು ವರ್ಷ ಬದುಕಿದ್ದೀಯ. ದಿನಾ ಬೆಳಿಗ್ಗೆ ನಾನು ಶೀಲ ಹೇಳೋದು ಕೇಳಿಸ್ಕೊಂಡಿದ್ದೀಯ. ನೀನ್ಯಾಕೆ ನಂಬಿದೆ?"

ಅವಳು ಗಂಜಿಯ ಲೋಟ ಕೆಳಗಿಟ್ಟಳು.

"ಹೇಳು. ಬೇಲೂರಿಗೆ ಹೋಗಿ ಅಷ್ಟು ಜನರ ಮುಂದೆ ಕೇಳಿದ್ಯಲ್ಲ, ಯಾವ ಕಡೆ ಅಂತ. ಅವತ್ತು ನೀನು ಯಾವ ಕಡೆ ಇದ್ದೆ?"

ದೀಪಾ ಬಾಗಿಲಲ್ಲಿ ಬಂದು ನಿಂತಳು, ಒಳಗೆ ಬರಲಿಲ್ಲ. ಇಂದು ಏನೇನೋ ಹೇಳಬಹುದಿತ್ತು. ಡಾಕ್ಟರು ಸುಳ್ಳು ಹೇಳುತ್ತಾರೆ ಅಂತ ಅನ್ನಿಸಲಿಲ್ಲ, ಓದಿದವರು, ವರದಿ ನೋಡಿ ಹೇಳುತ್ತಿದ್ದಾರೆ, ನಾನು ಓದಿದವಳಾಗಿದ್ದಕ್ಕೇ ನಂಬಿದೆ. ಅವೆಲ್ಲ ನಿಜವೇ. ಆದರೆ ಎಷ್ಟೋ ತಿಂಗಳಿಂದ ಅವಳು ಬೇರೆಯವರ ಮೇಲೆ ಎಸೆಯುತ್ತಿದ್ದ ಕೆಂಡ ಸುತ್ತಿ ಬಳಸಿ ತನ್ನ ಅಂಗೈಗೇ ಬಂದಿತ್ತು. ಅವನು ಬೈದ. ಔಷಧದ ಸಿಟ್ಟೋ, ಒಳಗೆ ಕಟ್ಟಿಟ್ಟ ಸಿಟ್ಟೋ, ಬೇರೆ ಮಾಡಿ ಹೇಳುವ ಹಾಗಿರಲಿಲ್ಲ. ಅವಳು ಎದ್ದು ಹೋಗದೆ, ಅಡ್ಡ ಮಾತಾಡದೆ, ಅಷ್ಟನ್ನೂ ಕೂತು ಕೇಳಿದಳು. ಬೈದು ಸುಸ್ತಾದಮೇಲೆ ಗಂಜಿ ಆರಿದೆ, ಬಿಸಿ ಮಾಡಿ ತರಲಾ ಅಂದಳು. ಬೇಡ, ಹಾಗೇ ಕೊಡು ಅಂದ.

ಆ ವಾರದಿಂದ ಅವರಿಬ್ಬರೂ ಮತ್ತೆ ಜಗಳ ಆಡುವ ಗಂಡ ಹೆಂಡತಿಯಾದರು.

ಬೇಸಿಗೆಯ ಕೊನೆಗೆ ಬೆಂಗಳೂರಿಗೆ ಹೋದಾಗ ಡಿ ವೈರಸ್ಸಿನ ಎಣಿಕೆ ಇಳಿದಿತ್ತು. ಹೋಗಿರಲಿಲ್ಲ, ಇಳಿದಿತ್ತು. ಇಂಜೆಕ್ಷನ್ ನಿಲ್ಲಿಸಿದಮೇಲೆ ಮತ್ತೆ ಏರಲೂಬಹುದು, ಮಾತು ಕೊಡಲಾರೆ ಅಂದರು ನಂದಿತಾ. ನಟರಾಜ ತೂಕ ನೋಡಿಸಿಕೊಳ್ಳಲು ಆಚೆ ಹೋದ. ಆಗ ಅವರು ಇನ್ನೊಂದು ಮಾತು ಹೇಳಿದರು. ನಿಮ್ಮ ಬೇಲೂರಿನ ಡಾಕ್ಟರು ಈಗ ಬಿ ಇರುವವರ ರಕ್ತವನ್ನೆಲ್ಲ ಡಿಗೆ ಅಂತ ಈ ಆಸ್ಪತ್ರೆಗೇ ಕಳಿಸುತ್ತಿದ್ದಾರಂತೆ. ಕಮಲಾಕ್ಷಮ್ಮನ ಮಗಳಿಗೆ ಇಲ್ಲ ಅಂತ ಬಂದದ್ದು ಇಂದುವಿಗೆ ಫೋನಿನಲ್ಲಿ ಮೊದಲೇ ಗೊತ್ತಾಗಿತ್ತು. ಆದರೆ ಇನ್ನೊಬ್ಬರಿಗೆ ಸಿಕ್ಕಿದೆ, ಅದೂ ಬೇಗ ಸಿಕ್ಕಿದೆ ಅಂದರು.

ರಾಜಶೇಖರ್ ಒಂದು ಫೋನೂ ಮಾಡಿರಲಿಲ್ಲ, ತಪ್ಪಾಯಿತು ಅನ್ನುವುದನ್ನು ಗಟ್ಟಿಯಾಗಿ ಹೇಳಿರಲಿಲ್ಲ, ಇನ್ನು ಹೇಳುವುದೂ ಇಲ್ಲ. ಇಂದುವಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಗಂಡನನ್ನು ತುಳಿದುಕೊಂಡೇ ಈ ಬುದ್ಧಿ ಬರಬೇಕಿತ್ತಾ ಅನ್ನಿಸಿತು.

"ಸಿಕ್ಕವರು ಕುಡೀತಿದ್ರಾ ಮೇಡಂ?" ಅಂತ ಕೇಳಿದಳು.

ನಂದಿತಾ ಕನ್ನಡಕದ ಮೇಲಿಂದ ಅವಳನ್ನೇ ನೋಡಿದರು. "ಕುಡೀತಿದ್ರೆ ನೋಡಬಾರದಾ?"

ಇಂದುವಿಗೆ ತಾನು ಕೇಳಿದ್ದು ಏನು ಅನ್ನುವುದು ಆಗ ತಿಳಿಯಿತು. ಬೇಲೂರಿನ ಆ ಬೆಂಚುಗಳ ಮುಂದೆ ನಿಂತು ನನ್ನ ಗಂಡ ಕುಡಿಯುವವರಲ್ಲ ಅಂತ ಅಂದಿದ್ದಳು. ಕುಡಿಯುವವನಾಗಿದ್ದರೆ ಅವನ ಪರವಾಗಿ ಅಲ್ಲಿವರೆಗೆ ಹೋಗುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಸಿದ್ದರಾಜು ಕುಡಿಯುತ್ತಿದ್ದ. ಅವನ ಪರವಾಗಿ ಯಾರೂ ಯಾವ ಬಾಗಿಲಿಗೂ ಹೋಗಿರಲಿಲ್ಲ.

"ನೋಡ್ಬೇಕು ಮೇಡಂ," ಅಂದಳು. ಮುಂದಿನ ತಿಂಗಳ ಚೀಟಿ ತಗೊಂಡು ಹೊರಗೆ ಬಂದಳು. ನಟರಾಜ ತೂಕದ ಮೆಷೀನಿನ ಪಕ್ಕ ಚಪ್ಪಲಿ ಹಾಕಿಕೊಳ್ಳುತ್ತಾ, ರೈಲು ತಪ್ಪುತ್ತೆ, ಬೇಗ ಬಾ ಅಂತ ಗದರಿದ.